ಫ್ಲೂ ತಡೆಗೆ ಲಸಿಕೆ ಮೊದಲು, ಕಷಾಯ ಜೊತೆಗೆ

ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ (ಫ್ಲೂ) ವರ್ಷಕ್ಕೆ ಎರಡು ಸಲ ಹೆಚ್ಚುತ್ತದೆ: ಮಳೆಗಾಲದ ಕೊನೆಯಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ಈ ಎರಡನೇ ಅವಧಿ ಜಮಖಂಡಿ, ಮುಧೋಳ, ಬೀಳಗಿ ಭಾಗದಲ್ಲಿ ಕಬ್ಬು ಕಟಾವಿನ ಕಾಲ. ಕಟಾವಿನ ಗ್ಯಾಂಗಿನವರು ಒತ್ತೊತ್ತಾಗಿ ಗುಡಿಸಲು ಹಾಕಿಕೊಂಡಿರುತ್ತಾರೆ. ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ಹತ್ತಿರ ಬಂದು ಕೂಗಿಯೇ ಮಾತಾಡಬೇಕು. ಕೆಮ್ಮು, ಸೀನು, ಮಾತಿನ ಹನಿಗಳಿಂದ ಹರಡುವ ವೈರಸ್‌ಗೆ ಇಷ್ಟು ಸಾಕು. ಆದ್ದರಿಂದ ಮೊದಲೇ ಸಿದ್ಧರಾಗಿ.

1. ಅಪಾಯ ಯಾರಿಗೆ ಹೆಚ್ಚು ನೋಡಿ
65 ದಾಟಿದ ಹಿರಿಯರು, 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಉಬ್ಬಸ ಇರುವವರು. ನೂಲಿನ ದೂಳಿನಲ್ಲಿ ದುಡಿದು ಉಸಿರಾಟದ ತೊಂದರೆ ಅಂಟಿಸಿಕೊಂಡ ನೇಕಾರರೂ ಈ ಸಾಲಿನವರೇ.

2. ಪ್ರತಿ ವರ್ಷ ಲಸಿಕೆ ಹಾಕಿಸಿ
ವೈರಸ್ ರೂಪ ಬದಲಿಸುತ್ತಿರುವುದರಿಂದ ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಮಳೆಗಾಲಕ್ಕೆ ಮುಂಚೆ, ತಪ್ಪಿದರೆ ಚಳಿಗಾಲಕ್ಕೆ ಮುಂಚೆ ಹಾಕಿಸಿ. 6 ತಿಂಗಳು ತುಂಬಿದ ಮಕ್ಕಳಿಗೂ ಕೊಡಬಹುದು. 9 ವರ್ಷದೊಳಗಿನವರಿಗೆ ಮೊದಲ ಸಲವಾದರೆ 4 ವಾರಗಳ ಅಂತರದಲ್ಲಿ 2 ಡೋಸ್ ಬೇಕು. ಲಸಿಕೆ ಪಡೆದ ಮೇಲೂ ಫ್ಲೂ ಬರಬಹುದು, ಆದರೆ ಉಲ್ಬಣಿಸಿ ಆಸ್ಪತ್ರೆ ಸೇರುವ ಸಂಭವ ಕಡಿಮೆ.

3. ಸೋಂಕಿನ ದಾರಿ ಮುಚ್ಚಿ
ಕೆಲಸದಿಂದ ಬಂದೊಡನೆ, ಊಟಕ್ಕೆ ಮುಂಚೆ ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಿರಿ. ಕೆಮ್ಮುವಾಗ ಮೊಣಕೈ ಅಡ್ಡ ಹಿಡಿಯಿರಿ. ಮಗ್ಗದ ಮನೆಯ ಕಿಟಕಿ ತೆರೆದಿಡಿ. ಗ್ಯಾಂಗಿನಲ್ಲಿ ಒಂದೇ ಲೋಟದಿಂದ ಎಲ್ಲರೂ ನೀರು ಕುಡಿಯುವುದು ಬೇಡ.

4. ಊಟ, ನಿದ್ದೆ ಕಾಯ್ದುಕೊಳ್ಳಿ
ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಮೊಸರು, ಶೇಂಗಾ ಚಟ್ನಿ: ನಮ್ಮ ದಿನದ ಊಟದಲ್ಲೇ ಪೌಷ್ಟಿಕತೆ ಇದೆ. ದೊಡ್ಡವರಿಗೆ 7ರಿಂದ 8 ಗಂಟೆ ನಿದ್ದೆ ಬೇಕು. ಪ್ರಾಣಾಯಾಮ, ಯೋಗ ಮನಸ್ಸಿನ ಒತ್ತಡ ಇಳಿಸುತ್ತವೆ. ಬೀಡಿ, ಸಿಗರೇಟು ಬಿಡಿ.

5. ಮನೆಮದ್ದನ್ನು ಅದರ ಮಿತಿಯಲ್ಲಿ ಬಳಸಿ
ತುಳಸಿ, ಶುಂಠಿ, ಮೆಣಸಿನಕಾಳಿನ ಬಿಸಿ ಕಷಾಯ, ಅರಿಸಿನ ಹಾಲು, ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು ಆರಾಮ ಕೊಡುತ್ತವೆ. ಆದರೆ ಇವು ಲಸಿಕೆಯ ಜಾಗ ತುಂಬುವುದಿಲ್ಲ. ಸಕ್ಕರೆ ಕಾಯಿಲೆಯವರ ಕಷಾಯಕ್ಕೆ ಬೆಲ್ಲ ಬೇಡ. 1 ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬೇಡಿ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಟ್ಟು ಆವಿ ಕೊಡಬೇಡಿ, ಸುಟ್ಟೀತು. ಅಮೃತಬಳ್ಳಿಯಂಥ ಔಷಧಿಯನ್ನು ಆಯುರ್ವೇದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬೇರೆ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ.

6. ಜ್ವರ ಬಂದರೆ ಮನೆಯಲ್ಲೇ ಉಳಿಯಿರಿ
ಮಾತ್ರೆ ಇಲ್ಲದೆ ಜ್ವರ ಇಳಿದು 24 ಗಂಟೆ ಕಳೆಯುವವರೆಗೆ ಕೆಲಸ, ಶಾಲೆ, ಸಂತೆ ಬೇಡ. ಗಂಜಿ, ನೀರು ಹೆಚ್ಚು ಕುಡಿಯಿರಿ. ಫ್ಲೂ ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮೇಲೆ ಹೇಳಿದ ಅಪಾಯದ ಗುಂಪಿನವರಾದರೆ ಮೊದಲ ದಿನವೇ ವೈದ್ಯರನ್ನು ಕಾಣಿ. ವೈದ್ಯರು ಬರೆದುಕೊಡುವ ಫ್ಲೂ ವೈರಸ್ ನಿರೋಧಕ ಔಷಧಿ ಒಸೆಲ್ಟಾಮಿವಿರ್ ಅನ್ನು ಲಕ್ಷಣ ಕಂಡ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲ.

7. ಈ ಲಕ್ಷಣ ಕಂಡರೆ ಕಾಯಬೇಡಿ
ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಗೊಂದಲ ಅಥವಾ ವಿಪರೀತ ಮಂಪರು, ಇಳಿದ ಜ್ವರ ಮತ್ತೆ ಏರುವುದು, ಕೂಸು ಹಾಲು ಕುಡಿಯದಿರುವುದು: ಇವು ಅಪಾಯದ ಸೂಚನೆ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.

ಕಬ್ಬಿನ ಗದ್ದೆಯ ಯಜಮಾನರು, ಮಗ್ಗದ ಮಾಲೀಕರು ಜ್ವರ ಬಂದವರಿಗೆ ಕೂಲಿ ಕಡಿಯದೆ ರಜೆ ಕೊಡಲಿ. ಕೂಲಿ ತಪ್ಪುವ ಭಯ ಇದ್ದರೆ ಜ್ವರದಲ್ಲೂ ಜನ ಕೆಲಸಕ್ಕೆ ಬರುತ್ತಾರೆ, ಸೋಂಕು ಪಕ್ಕದವರಿಗೂ ದಾಟುತ್ತದೆ.