ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಮುರಿದ ಬೋಲ್ಟನ್ನು ತೆಗೆಯುವ ಕ್ರಮ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ರಾಗಿ ಹೊಲದ ಉಳುಮೆ ಮಳೆಯ ಹದ ಇರುವಾಗಲೇ ಮುಗಿಯಬೇಕು. ಮಾವು ಹೂ ಬಿಟ್ಟಾಗ ಔಷಧಿ ಸಿಂಪರಣೆಗೂ ಟ್ರ್ಯಾಕ್ಟರ್ ಬೇಕು. ಆ ವೇಳೆಯಲ್ಲಿ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಬೋಲ್ಟ್ ಮುರಿದರೆ ಕೆಲಸ ನಿಲ್ಲುತ್ತದೆ. ಅವಸರದಿಂದ ಹೆಡ್ಡನ್ನೇ ಕೆಡಿಸಿಕೊಂಡರೆ ನಷ್ಟ ಹಲವು ಪಟ್ಟಾಗುತ್ತದೆ.

ಕಾರಣ ಮತ್ತು ಗುರುತು: ಮ್ಯಾನಿಫೋಲ್ಡು ಕಾದು ಹಿಗ್ಗಿ, ಆರಿ ಕುಗ್ಗುವುದರಿಂದ ಬೋಲ್ಟ್ ದಣಿಯುತ್ತದೆ, ತುಕ್ಕು ಅದನ್ನು ಕಚ್ಚಿ ಹಿಡಿಯುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಟಕ್ ಟಕ್ ಶಬ್ದ, ಕೂಡುವ ಜಾಗದಲ್ಲಿ ಕಪ್ಪು ಮಸಿ ಇದರ ಗುರುತು. ಇಂತಹ ಎಂಜಿನ್ನನ್ನು ಮುಚ್ಚಿದ ಶೆಡ್ಡಿನಲ್ಲಿ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲ ಪ್ರಾಣಕ್ಕೆ ಅಪಾಯ. ಹುಲ್ಲಿನ ಮೆದೆಯ ಬಳಿಯೂ ನಿಲ್ಲಿಸಬೇಡಿ.

ತೆಗೆಯುವ ಕ್ರಮ:

1. ಎಂಜಿನ್ ಪೂರ್ಣ ಆರಲಿ. ಬ್ಯಾಟರಿಯ ವೈರುಗಳನ್ನು ಬಿಚ್ಚಿರಿ. ಎಲ್ಲ ಬೋಲ್ಟುಗಳ ಬುಡವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ.

2. ಉಳಿದ ಬೋಲ್ಟುಗಳನ್ನು ಒಮ್ಮೆಲೇ ತಿರುಗಿಸದೆ, ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಿ ಬಿಚ್ಚಿರಿ. ಮ್ಯಾನಿಫೋಲ್ಡನ್ನು ಹೊರತೆಗೆದು, ಹೆಡ್ಡಿನ ತೂತುಗಳಿಗೆ ಬಟ್ಟೆ ತುರುಕಿರಿ.

3. ತುಂಡು ಹೊರಗೆ ಚಾಚಿದ್ದರೆ ವೈಸ್ ಗ್ರಿಪ್ಪಿನಿಂದ ಹಿಡಿದು ತಿರುಗಿಸಿರಿ. ಬಾರದಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಸ್ಪಾನರಿನಿಂದ ನಿಧಾನವಾಗಿ ತಿರುಗಿಸಿರಿ. ವೆಲ್ಡಿಂಗಿಗೆ ಮುಂಚೆ ಸುತ್ತಲಿನ ಎಣ್ಣೆ, ಡೀಸೆಲ್ ಜಿಡ್ಡನ್ನು ಒರೆಸಿರಿ. ಆಗ ತೂತಿನಲ್ಲಿ ಬಟ್ಟೆ ಇರಕೂಡದು.

4. ತುಂಡು ಒಳಗೇ ಮುರಿದಿದ್ದರೆ ನಟ್ಟನಡುವೆ ಸೆಂಟರ್ ಪಂಚ್ ಹೊಡೆದು, ಮೊದಲು 3 ಮಿ.ಮೀ. ಬಿಟ್ಟಿನಿಂದ ನೇರವಾಗಿ ಕೊರೆದು, ನಂತರ ಎಕ್ಸ್‌ಟ್ರಾಕ್ಟರ್ ಬಳಸಿರಿ. ಬಿಟ್ ಓರೆಯಾದರೆ ಹೆಡ್ಡಿನ ಥ್ರೆಡ್ ಕೆಡುತ್ತದೆ. ಅತಿ ಆಳವಾದರೆ ನೀರಿನ ದಾರಿಗೆ ತೂತು ಬೀಳಬಹುದು. ಎಕ್ಸ್‌ಟ್ರಾಕ್ಟರ್ ಬಲು ಗಡುಸು. ಒಳಗೆ ಮುರಿದರೆ ಸಾಮಾನ್ಯ ಬಿಟ್ಟಿನಿಂದ ಕೊರೆಯಲಾಗದು. ಆದ್ದರಿಂದ ಬಲ ಹಾಕದೆ, ಅನುಮಾನವಿದ್ದರೆ ಲೇತ್ ಅಂಗಡಿಗೆ ಒಯ್ಯಿರಿ. ಕೊರೆಯುವಾಗ ಕನ್ನಡಕ ಧರಿಸಿರಿ.

ಮರುಜೋಡಣೆ: ಟ್ಯಾಪಿನಿಂದ ಥ್ರೆಡ್ ಶುಚಿ ಮಾಡಿ, ಚೂರುಗಳನ್ನೂ ಬಟ್ಟೆಯನ್ನೂ ತಪ್ಪದೆ ಹೊರತೆಗೆಯಿರಿ. ನೇರವಾದ ಉಕ್ಕಿನ ಪಟ್ಟಿ ಇಟ್ಟು ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೇ ನೋಡಿರಿ. ಸೊಟ್ಟಗಿದ್ದರೆ ಹೊಸ ಬೋಲ್ಟೂ ಮುರಿಯುತ್ತದೆ. ಹೊಸ ಗ್ಯಾಸ್ಕೆಟ್, ಅದೇ ಅಳತೆ ಮತ್ತು ಅದೇ ದರ್ಜೆಯ ಬೋಲ್ಟುಗಳನ್ನು ಹಾಕಿ, ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಕೈಪಿಡಿಯ ಅಳತೆಗೆ ಬಿಗಿಯಿರಿ.

ಬಿತ್ತನೆಗೆ ಮುಂಚೆಯೇ ಮಸಿಯ ಗುರುತು ನೋಡಿ ದುರಸ್ತಿ ಮಾಡಿಸಿಕೊಳ್ಳುವ ರೈತರು ಮಳೆಯ ಹದವನ್ನು ಕಳೆದುಕೊಳ್ಳುವುದಿಲ್ಲ.