ಲಾರಿಯ ಮೇಲಿನ ಟ್ರ್ಯಾಕ್ಟರು

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ರೈತರೊಬ್ಬರು ಸೊಲ್ಲಾಪುರದಲ್ಲಿ 2000 ಕಿಲೋಗ್ರಾಂ ದ್ರವ್ಯರಾಶಿಯ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡು, ಲಾರಿಯಲ್ಲೇರಿಸಿ ತರುತ್ತಿರುವರೆಂದು ಭಾವಿಸೋಣ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ಲಾರಿಗೆ ಎಮ್ಮೆ ಅಡ್ಡಬಂದು, ಚಾಲಕನು 10 ಮೀಟರಿನಲ್ಲಿ ನಿಲ್ಲಿಸಿದನೆನ್ನಿ. ಟ್ರ್ಯಾಕ್ಟರೂ ಜೊತೆಗೇ ನಿಲ್ಲಬೇಕಾದರೆ ಅದನ್ನು 10,000 ನ್ಯೂಟನ್ ಬಲವು ತಡೆಹಿಡಿಯಬೇಕು.

ಬ್ರೇಕು ಹಾಕಿದೆಯಲ್ಲ ಎನ್ನುವಿರಾ? ಸಾಮಾನ್ಯ ಟ್ರ್ಯಾಕ್ಟರಿಗೆ ಬ್ರೇಕಿರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಅವುಗಳ ಮೇಲಿನ ಭಾರವನ್ನು 12,000 ನ್ಯೂಟನ್, ಘರ್ಷಣಾಂಕವನ್ನು 0.5 ಎಂದಿಟ್ಟುಕೊಂಡರೆ ಹಿಡಿತವು 6,000 ನ್ಯೂಟನ್ ಅಷ್ಟೆ. ಅದೂ ಪೂರ್ತಿ ಉಳಿಯದು. ನಿಲ್ಲಿಸುವಾಗ ಭಾರವು ಮುಂದಿನ ಗಾಲಿಗಳತ್ತ ಸರಿಯುತ್ತದೆ. ಮಿಕ್ಕ ಬಲವನ್ನು ಸರಪಳಿಯೇ ಒದಗಿಸಬೇಕು. ಇಲ್ಲವಾದರೆ ಯಂತ್ರವು ಚಾಲಕನ ಬೆನ್ನಿಗೇ ನುಗ್ಗೀತು. ಹಳೆಯ ಹಗ್ಗವನ್ನಂತೂ ನಾವು ನಂಬೆವು. ಸರಪಳಿಯನ್ನು ಹಿಂದಕ್ಕೂ ಕೆಳಕ್ಕೂ ಓರೆಯಾಗಿ ಬಿಗಿದರೆ, ಅದು ಟೈರುಗಳನ್ನು ಹಲಗೆಗೆ ಒತ್ತಿ ಘರ್ಷಣೆಯನ್ನೂ ಹೆಚ್ಚಿಸುತ್ತದೆ.