ಮೇಲಿನ ಮಂಚದಿಂದ ಮಗು ಬಿದ್ದರೆ ಹೊಣೆ ಯಾರದು?

ಬಂಕ್ ಬೆಡ್ಡಿನ ಮೇಲಂತಸ್ತಿನಿಂದ ಮಗು ಬಿದ್ದು ಕೈ ಮುರಿದುಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬೈಗುಳ ಬೀಳುವುದು ಮಗುವಿನ ತುಂಟತನಕ್ಕೆ. ಆಮೇಲೆ ತಾಯಿಗೆ, ಕೊನೆಗೆ ಗ್ರಹಚಾರಕ್ಕೆ. ಮಂಚ ಮಾಡಿದವರ, ಮಾರಿದವರ, ಮನೆಗೆ ಬಂದು ಜೋಡಿಸಿ ಹೋದವರ ಮಾತೇ ಬರುವುದಿಲ್ಲ. ಕಾನೂನು ಕೇಳುವ ಪ್ರಶ್ನೆಗಳು ಬೇರೆ. ತಡೆಗಂಬಿ ಎಷ್ಟು ಎತ್ತರವಿತ್ತು? ಏಣಿ ಅಲುಗಾಡುತ್ತಿತ್ತೇ? ಬೋಲ್ಟುಗಳನ್ನು ಸರಿಯಾಗಿ ಬಿಗಿ ಮಾಡಲಾಗಿತ್ತೇ? ಎಷ್ಟು ವಯಸ್ಸಿನ ಮಕ್ಕಳು ಮೇಲೆ ಮಲಗಬಾರದು ಎಂದು ಎಲ್ಲಾದರೂ ಬರೆದಿತ್ತೇ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರನೇ ಅಧ್ಯಾಯದಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಭಾಗವಿದೆ. 1986ರ ಹಳೆಯ ಕಾಯ್ದೆಯಲ್ಲಿ ಇಂಥ ಅಧ್ಯಾಯವೇ ಇರಲಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವಿನಿಂದ ಯಾರಿಗಾದರೂ ಹಾನಿಯಾದರೆ ತಯಾರಕರು, ಮಾರಾಟಗಾರರು, ಸೇವೆ ಕೊಟ್ಟವರು ಪರಿಹಾರ ಕೊಡಬೇಕಾಗುತ್ತದೆ. ಆದರೆ ಈ ಹಕ್ಕನ್ನು ಗಟ್ಟಿ ಮಾಡಿಕೊಳ್ಳಬೇಕಾದ ಜಾಗ ನ್ಯಾಯಾಲಯದ ಆವರಣವಲ್ಲ, ಮಂಚ ಕೊಳ್ಳುವ ಅಂಗಡಿ. ಅಲ್ಲಿ ಏನನ್ನು ನೋಡಬೇಕು, ಏನನ್ನು ಬರೆಸಿಕೊಳ್ಳಬೇಕು ಎಂಬುದರಿಂದಲೇ ಶುರು ಮಾಡೋಣ.

ಎಲ್ಲಕ್ಕಿಂತ ಮುಖ್ಯ ಮೇಲಂತಸ್ತಿನ ತಡೆಗಂಬಿ. ಅಮೆರಿಕದಲ್ಲಿ 2000ನೇ ಇಸವಿಯಿಂದ ಬಂಕ್ ಬೆಡ್‌ಗೆ ಕಡ್ಡಾಯ ನಿಯಮಗಳಿವೆ. ಅವು ನಮ್ಮಲ್ಲಿ ಕಾನೂನಲ್ಲ, ಆದರೆ ಅಂಗಡಿಗೆ ಟೇಪು ಹಿಡಿದು ಹೋಗುವವರಿಗೆ ಒಳ್ಳೆಯ ಅಳತೆಗಳು. ತಡೆಗಂಬಿ ಎರಡೂ ಬದಿಗೆ ಇರಬೇಕು. ಗೋಡೆಯ ಬದಿಯದು ಈ ತುದಿಯಿಂದ ಆ ತುದಿಗೆ ಎಲ್ಲೂ ತುಂಡಾಗದೆ ಸಾಗಬೇಕು. ಹಾಸಿಗೆ ಹಾಸಿದ ಮೇಲೂ ಕಂಬಿಯ ಅಂಚು ಹಾಸಿಗೆಗಿಂತ ಕನಿಷ್ಠ 5 ಇಂಚು ಮೇಲಿರಬೇಕು. ಕಂಬಿಗಳ ನಡುವೆ 3.5 ಇಂಚಿಗಿಂತ ಹೆಚ್ಚಿನ ಸಂದು ಇರಬಾರದು. ಆರು ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದು ಎಂಬ ಎಚ್ಚರಿಕೆ ಮಂಚದ ಮೇಲೇ ಇರಬೇಕು.

‘ಗೋಡೆಯ ಕಡೆ ಕಂಬಿ ಯಾಕೆ ಸಾರ್, ಗೋಡೆನೇ ಇದೆಯಲ್ಲ’ ಎಂದು ಬಡಗಿಗಳು ಹೇಳುವುದುಂಟು. ಈ ಮಾತಿಗೆ ಒಪ್ಪಬೇಡಿ. ದಿನ ಕಳೆದಂತೆ ಮಂಚ ಗೋಡೆಯಿಂದ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ನಿದ್ದೆಯಲ್ಲಿ ಹೊರಳಿದ ಮಗುವಿನ ಮೈ ಆ ಸಂದಿನಲ್ಲಿ ಇಳಿದುಹೋಗುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಬೀಳುವುದಕ್ಕಿಂತ ಭೀಕರವಾದ ಅಪಾಯ ಇದು. 3.5 ಇಂಚಿನ ಮಿತಿಯ ಹಿಂದಿರುವ ಭಯವೂ ಇದೇ.

ಇನ್ನೊಂದು ಸಂಗತಿ ಹಾಸಿಗೆಯ ದಪ್ಪ. ಅಂಗಡಿಯಲ್ಲಿ ತೆಳ್ಳನೆಯ ಹಾಸಿಗೆ ಹಾಕಿ ತೋರಿಸುತ್ತಾರೆ. ಹಲಗೆಯಿಂದ ಹತ್ತು ಇಂಚು ಎತ್ತರದ ತಡೆಗಂಬಿ ಆಗ ಭದ್ರವಾಗಿಯೇ ಕಾಣುತ್ತದೆ. ಮನೆಯಲ್ಲಿ ಎಂಟು ಇಂಚಿನ ಹಾಸಿಗೆ ಹಾಕಿದ ದಿನ ಉಳಿಯುವುದು ಎರಡೇ ಇಂಚು. ಆದ್ದರಿಂದ ಈ ಮಂಚಕ್ಕೆ ಗರಿಷ್ಠ ಎಷ್ಟು ದಪ್ಪದ ಹಾಸಿಗೆ ಹಾಕಬಹುದು ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೇಲಂತಸ್ತು ಎಷ್ಟು ಕಿಲೋ ಭಾರ ಹೊರುತ್ತದೆ ಎಂಬುದನ್ನೂ ಹಾಗೆಯೇ. ಅಂಗಡಿಯವರು ಬಾಯಲ್ಲಿ ‘ಆನೆ ಕೂತ್ರೂ ಏನಾಗಲ್ಲ’ ಎನ್ನುತ್ತಾರೆ. ಅದೇ ಮಾತು ಕಾಗದದ ಮೇಲೆ ‘ನೂರು ಕಿಲೋ’ ಎಂದು ಇಳಿದರೆ ಕಾನೂನಿನ ಕಣ್ಣಿನಲ್ಲಿ ಅದು ಸ್ಪಷ್ಟ ಭರವಸೆ. ಆ ಭರವಸೆ ತಯಾರಕರದ್ದಾಗಿದ್ದು ವಸ್ತು ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಅವರು ಹೊಣೆಗಾರರು. ಭರವಸೆ ಕೊಟ್ಟಾಗ ತಮ್ಮ ಕಡೆಯಿಂದ ನಿರ್ಲಕ್ಷ್ಯವಾಗಲಿ ಮೋಸವಾಗಲಿ ಇರಲಿಲ್ಲ ಎಂದು ಅವರು ಸಾಬೀತು ಮಾಡಿದರೂ ಹೊಣೆ ತಪ್ಪುವುದಿಲ್ಲ. 84ನೇ ಕಲಮು ಇದನ್ನು ಬಿಡಿಸಿ ಹೇಳುತ್ತದೆ.

ಅದೇ ಕಲಮಿನಲ್ಲಿ ಉಳಿದ ಕಾರಣಗಳೂ ಇವೆ: ತಯಾರಿಕೆಯ ದೋಷ, ವಿನ್ಯಾಸದ ದೋಷ, ನಿಗದಿಯಾದ ಅಳತೆ-ವಿವರಗಳಿಂದ ದೂರ ಸರಿದದ್ದು, ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಕೊಡದಿದ್ದದ್ದು. ವೆಲ್ಡಿಂಗ್ ಬಿಟ್ಟುಹೋಗಿದ್ದರೆ ತಯಾರಿಕೆಯ ದೋಷ. ವೆಲ್ಡಿಂಗ್ ಗಟ್ಟಿಯಾಗಿಯೇ ಇದ್ದು ತಡೆಗಂಬಿಯೇ ಗಿಡ್ಡವಾಗಿದ್ದರೆ ವಿನ್ಯಾಸದ ದೋಷ. ಇಲ್ಲೊಂದು ಎಚ್ಚರ ಬೇಕು. ಎಲ್ಲರಿಗೂ ಗೊತ್ತಿರುವ, ಕಣ್ಣಿಗೆ ಕಾಣುವ ಅಪಾಯದ ಬಗ್ಗೆ ತಯಾರಕರು ಎಚ್ಚರಿಸದಿದ್ದರೆ ಅದಕ್ಕೆ ಹೊಣೆಯಿಲ್ಲ ಎಂದು ಕಾಯ್ದೆ ಹೇಳುತ್ತದೆ. ಎತ್ತರದಿಂದ ಬಿದ್ದರೆ ಪೆಟ್ಟಾಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ ಎಂದು ಅವರ ವಕೀಲರು ವಾದಿಸುತ್ತಾರೆ. ಹಾಗಾಗಿ ದೂರಿನಲ್ಲಿ ಎಚ್ಚರಿಕೆಯ ಚೀಟಿ ಇರಲಿಲ್ಲ ಎಂಬುದೊಂದನ್ನೇ ನೆಚ್ಚಿಕೊಳ್ಳದೆ ಕಂಬಿಯ ಎತ್ತರ, ಸಂದಿನ ಅಗಲ, ಏಣಿಯ ಜೋಡಣೆ ಇವನ್ನು ಅಳತೆ ಸಮೇತ ಮುಂದಿಡಬೇಕು.

ಸೀಲಿಂಗ್ ಫ್ಯಾನಿನ ವಿಷಯವೂ ಇಂಥದ್ದೇ. ನಮ್ಮ ಮನೆಗಳ ಸಾಧಾರಣ ಎತ್ತರದ ಕೋಣೆಯಲ್ಲಿ ಮೇಲಂತಸ್ತಿನ ಮೇಲೆ ನಿಂತು ಕೈ ಎತ್ತಿದ ಮಗುವಿಗೆ ಫ್ಯಾನಿನ ರೆಕ್ಕೆ ಎಟುಕುತ್ತದೆ. ಮಂಚವನ್ನು ಎಲ್ಲಿ ಇಟ್ಟಿರಿ ಎಂಬುದಕ್ಕೆ ತಯಾರಕರನ್ನು ಹೊಣೆ ಮಾಡುವುದು ಬಹಳ ಕಷ್ಟ. ಆ ಕೋಣೆಗೆ ಗೋಡೆಯ ಫ್ಯಾನ್ ಹಾಕಿಸಿ, ಇಲ್ಲವೇ ಬಂಕ್ ಬೆಡ್ ಬೇಡ ಎನ್ನಿ. ನಡುದಾರಿ ಇಲ್ಲ. ಮೇಲಿನ ಕಂಬಿಗೆ ಹಗ್ಗ, ದುಪ್ಪಟ್ಟ, ಬ್ಯಾಗಿನ ಪಟ್ಟಿ ಕಟ್ಟಿ ಆಡಲು ಬಿಡುವುದೂ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಭಾರತದ ಗುಣಮಟ್ಟ ನಿಯಮದ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಪೀಠೋಪಕರಣಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಕುರ್ಚಿ, ಮೇಜುಗಳ ಜೊತೆಗೆ ಮಂಚ ಮತ್ತು ಬಂಕ್ ಬೆಡ್ ಕೂಡ ಅದರಲ್ಲಿವೆ. ಇಂಥ ಆದೇಶಗಳ ಜಾರಿಯ ದಿನಾಂಕ, ವಿನಾಯಿತಿಗಳು ತಿದ್ದುಪಡಿಯಾಗುತ್ತಿರುತ್ತವೆ, ಆದ್ದರಿಂದ ಕೊಳ್ಳುವ ಹೊತ್ತಿನಲ್ಲಿ ವಿಚಾರಿಸಿ. ಐಎಸ್‌ಐ ಗುರುತು ಇದ್ದರೆ ಅದರ ಕೆಳಗಿನ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಿ. ಬಡಗಿಯ ಹತ್ತಿರ ಪ್ಲೈವುಡ್ಡಿನಲ್ಲಿ ಮಾಡಿಸುವವರು ಹಾಳೆಯ ಮೇಲಿನ ಗುರುತನ್ನು ಫೋಟೊ ತೆಗೆದಿಟ್ಟುಕೊಳ್ಳಲಿ: ಸಾಮಾನ್ಯ ಪ್ಲೈವುಡ್‌ಗೆ ಐಎಸ್ 303, ಮರೈನ್ ಪ್ಲೈವುಡ್‌ಗೆ ಐಎಸ್ 710.

ಬಡಗಿ ಅಥವಾ ವೆಲ್ಡಿಂಗ್ ಅಂಗಡಿಯವರು ಮಾಡಿಕೊಟ್ಟ ಮಂಚಕ್ಕೆ ಕಾನೂನು ಅನ್ವಯಿಸುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಯಾವುದೇ ವಸ್ತುವನ್ನು ಅಥವಾ ಅದರ ಭಾಗವನ್ನು ಮಾಡುವವರು, ಬಿಡಿಭಾಗ ಜೋಡಿಸುವವರು ಕಾಯ್ದೆಯ ಅರ್ಥದಲ್ಲಿ ತಯಾರಕರೇ. ತೊಂದರೆ ಇರುವುದು ಸಾಕ್ಷ್ಯದಲ್ಲಿ. ನಗದು ಕೊಟ್ಟು, ಬಾಯಿಮಾತಿನಲ್ಲಿ ಎಲ್ಲ ಮುಗಿಸಿದರೆ ಯಾರು ಏನು ಒಪ್ಪಿದ್ದರು ಎಂದು ತೋರಿಸುವುದು ಹೇಗೆ? ಅಳತೆ, ಮರದ ಜಾತಿ ಅಥವಾ ಪೈಪಿನ ಗೇಜು, ತಡೆಗಂಬಿಯ ಎತ್ತರ, ಒಟ್ಟು ಮೊತ್ತ ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಸರಿ’ ಎಂಬ ಉತ್ತರ ಪಡೆಯಿರಿ. ಮುಂಗಡವನ್ನು ಯುಪಿಐ ಮೂಲಕ ಕೊಡಿ.

‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎನ್ನುವ ಅಂಗಡಿಯಲ್ಲಿ ಮಕ್ಕಳ ಮಂಚ ಕೊಳ್ಳಬೇಡಿ. ಬಿಲ್ ಕೊಡದಿರುವುದೇ 2019ರ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿದ ಮಾತ್ರಕ್ಕೆ ದೋಷವಿರುವ ಮಾಲಿನ ಹೊಣೆ ಕಳಚಿಕೊಳ್ಳುವುದಿಲ್ಲ. ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ.

ಆನ್‌ಲೈನ್‌ನಲ್ಲಿ ಕೊಂಡರೆ 2020ರ ಇ-ಕಾಮರ್ಸ್ ನಿಯಮಗಳು ನಿಮ್ಮ ಬೆನ್ನಿಗಿವೆ. ಕುಂದುಕೊರತೆ ಅಧಿಕಾರಿ ನಿಮ್ಮ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜೋಡಣೆಗೆ ಬಂದ ಹುಡುಗರು ಅವಸರದಲ್ಲಿ ಎರಡು ಬೋಲ್ಟು ಉಳಿಸಿ ‘ಇವು ಎಕ್ಸ್‌ಟ್ರಾ’ ಎಂದು ಕೈಗಿಟ್ಟರೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ. ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ನೋಡಿ. ಜೋಡಿಸುವಾಗ, ಪರಿಶೀಲಿಸುವಾಗ ಸಾಕಷ್ಟು ಎಚ್ಚರ ವಹಿಸದ ಮಾರಾಟಗಾರರು ತಾವು ತಯಾರಕರಲ್ಲದಿದ್ದರೂ ಹಾನಿಗೆ ಹೊಣೆಯಾಗುತ್ತಾರೆ ಎಂದು 86ನೇ ಕಲಮು ಹೇಳುತ್ತದೆ.

ನಮ್ಮ ಕಡೆಯ ಕರ್ತವ್ಯವೂ ಇದೆ. ಹಾನಿಯಾದ ಹೊತ್ತಿಗೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಬದಲಾಯಿಸಿದ್ದರೆ ಮಾರಾಟಗಾರರ ಮೇಲಿನ ದಾವೆ ನಿಲ್ಲುವುದಿಲ್ಲ. ಹಾಸಿಗೆ ಸರಿಪಡಿಸಲು ಅಡ್ಡಿ ಎಂದು ತಡೆಗಂಬಿ ಬಿಚ್ಚಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಬಿಚ್ಚಿದ ಕಂಬಿಯ ಜೊತೆ ಮಗುವಿನ ಸುರಕ್ಷತೆಯೂ ಹೋಯಿತು, ಕಾನೂನಿನ ಬಲವೂ ಹೋಯಿತು.

ಇನ್ನು, ಅವಘಡ ನಡೆದೇ ಹೋಯಿತು ಎನ್ನೋಣ. ಮಗುವಿನ ಚಿಕಿತ್ಸೆಗೆ ಓಡುವುದು ಮೊದಲು. ಆಸ್ಪತ್ರೆಯಲ್ಲಿ ‘ಮಂಚದಿಂದ ಬಿದ್ದದ್ದು’ ಎಂಬ ಕಾರಣ ದಾಖಲಾಗುವಂತೆ ನೋಡಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿಯ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿರಲಿ. ಮುರಿದ ಮಂಚವನ್ನು ಸಿಟ್ಟಿನಲ್ಲಿ ಗುಜರಿಗೆ ಹಾಕಬೇಡಿ, ರಿಪೇರಿ ಮಾಡಿಸಬೇಡಿ, ಬದಲಾಯಿಸಿ ಕೊಡುತ್ತೇವೆಂದು ಬಂದವರ ಕೈಗೆ ಕೊಟ್ಟು ಕಳಿಸಲೂಬೇಡಿ. ಟೇಪು ಹಿಡಿದು ಫೋಟೊ ತೆಗೆಯಿರಿ. ಬರಿಗಣ್ಣಿಗೆ ಗೊತ್ತಾಗದ ದೋಷವಿದ್ದರೆ ಗ್ರಾಹಕ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ವಸ್ತುವೇ ಇಲ್ಲದಿದ್ದರೆ ಏನನ್ನು ಕಳಿಸುವುದು?

ದೂರು ಕೊಡಬಹುದಾದವರು ಯಾರು? ಹಣ ಕೊಟ್ಟವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ವಸ್ತು ಬಳಸುವವರೂ ಗ್ರಾಹಕರು. ಗ್ರಾಹಕರು ಅಪ್ರಾಪ್ತರಾಗಿದ್ದರೆ ತಂದೆ-ತಾಯಿ ಅಥವಾ ಕಾನೂನುಬದ್ಧ ಪೋಷಕರು ದೂರು ಸಲ್ಲಿಸಬಹುದು. ಮಗುವಿನ ಚಿಕಿತ್ಸೆಗೆ ಸಂಬಂಧಿಸಿದ 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗುವೂ ಗ್ರಾಹಕ, ತಂದೆತಾಯಿಯೂ ಗ್ರಾಹಕರು ಎಂದು ಹೇಳಿತ್ತು. ಪಿಜಿ ನಡೆಸುವವರು ವ್ಯಾಪಾರಕ್ಕೆಂದು ಕೊಂಡ ಮಂಚಗಳ ಲೆಕ್ಕ ಬೇರೆ. ಅವರು ಸಾಮಾನ್ಯವಾಗಿ ಗ್ರಾಹಕರಾಗುವುದಿಲ್ಲ. ಅಲ್ಲಿ ಬಾಡಿಗೆ ಕೊಟ್ಟು ಮಲಗುವವರು ಆ ಸೇವೆಯ ಗ್ರಾಹಕರು.

ಮೊದಲು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಷ್ಟರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಹುಬ್ಬಳ್ಳಿಯಲ್ಲಿ ವಾಸಿಸುವವರು ಧಾರವಾಡದ ಆಯೋಗದಲ್ಲೇ ದೂರು ಕೊಡಬಹುದು. ಹೊಸ ಕಾಯ್ದೆ ತಂದ ದೊಡ್ಡ ಅನುಕೂಲಗಳಲ್ಲಿ ಇದು ಒಂದು. ಯಾವ ಆಯೋಗ ಎಂಬುದು ತೀರ್ಮಾನವಾಗುವುದು ನೀವು ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನಲವತ್ತು ಸಾವಿರದ ಮಂಚದಿಂದ ಮಗುವಿಗೆ ಶಾಶ್ವತ ಊನವಾಗಿ ಹತ್ತು ಲಕ್ಷ ಪರಿಹಾರ ಕೇಳಿದರೂ ಶುಲ್ಕ ಸೊನ್ನೆಯೇ. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಪರೀಕ್ಷೆಯ ಅಗತ್ಯವಿಲ್ಲದ ದೂರನ್ನು ಎದುರುಪಕ್ಷಕ್ಕೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವಾಗ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದಕ್ಕೂ ಸಿದ್ಧರಿರಿ.

ಅದೇ ಮಾದರಿಯ ಮಂಚ ಇನ್ನೆಷ್ಟೋ ಮನೆಗಳಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಜಿಲ್ಲಾಧಿಕಾರಿಗೆ ಅಥವಾ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಪ್ರತ್ಯೇಕವಾಗಿ ಒಂದು ದೂರು ಬರೆಯಿರಿ. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ.

ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಗಡುವಿದೆ. ತಡವಾದರೆ ಒಪ್ಪುವಂಥ ಕಾರಣ ತೋರಿಸಬೇಕಾಗುತ್ತದೆ. ಮಕ್ಕಳಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವಿನ ಹಕ್ಕಿದೆ. ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.